ಹಿತ್ತಾಳೆ ಪಟ್ಟಿಗೆ ಸಿಕ್ಕ ಮಾತು

ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದು ಎರಡು ವರ್ಷವಾದರೂ ನನಗೆ ಕೆಲಸ ಸಿಕ್ಕಿರಲಿಲ್ಲ. ಗಂಡನಿಗೆ ಆಫೀಸು, ಮಗಳಿಗೆ ದಾಗಿಸ್ ಎಂಬ ಶಿಶುವಿಹಾರ, ನನಗೆ ಕಿಟಕಿ. ಬೇಸತ್ತು ಸಂಜೆಯ ಮರಗೆಲಸದ ತರಗತಿಗೆ ಸೇರಿದೆ. ಅಲ್ಲಿನ ಮೇಷ್ಟ್ರು ನಿವೃತ್ತ ಬಡಗಿ, ಮಾತು ಬಲು ತುಟ್ಟಿ. ತರಗತಿಯ ಹಳೇ ಉಪಕರಣಗಳ ರಿಪೇರಿಗೆ ನಮ್ಮಲ್ಲೇ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದಾಗಿ ಅವರು ಹೇಳಿದ್ದರು. ಆ ಕೆಲಸ ನನಗೇ ಬೇಕಿತ್ತು.

ಪರೀಕ್ಷೆಗೆಂದು ಒಬ್ಬೊಬ್ಬರಿಗೂ ಒಂದು ಗೀರು ಹಾಕುವ ಸಾಧನ ಕೊಟ್ಟರು. ಕಡ್ಡಿಯೊಂದರ ಮೇಲೆ ಜಾರುವ ಮರದ ತುಂಡು, ಕಡ್ಡಿಯ ತುದಿಯಲ್ಲಿ ಮೊಳೆ. ತುಂಡನ್ನು ಹಲಗೆಯ ಅಂಚಿಗೆ ಒತ್ತಿ ಎಳೆದರೆ ಉದ್ದಕ್ಕೂ ಒಂದೇ ಅಳತೆಯಲ್ಲಿ ಗೀರು ಬೀಳುತ್ತದೆ. ನನ್ನದರಲ್ಲಿ ಒತ್ತುವ ಮುಖ ಸವೆದು ಹಳ್ಳವಾಗಿತ್ತು. ಅಲ್ಲಿಗೆ ಹಿತ್ತಾಳೆ ಪಟ್ಟಿ ಕೂರಿಸಬೇಕು. ಹಿತ್ತಾಳೆಯೇ ಏಕೆ, ಕಬ್ಬಿಣ ಏಕಾಗದು? ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕಬ್ಬಿಣ ಉಜ್ಜಿದರೆ ಓಕ್ ಮರಕ್ಕೆ ಕಪ್ಪು ಕಲೆ ಹಿಡಿಯುತ್ತದಂತೆ. ಅಯ್ಯೋ, ಈಳಿಗೆಮಣೆಯಲ್ಲಿ ಹೆಚ್ಚಿದ ಬಾಳೆಕಾಯಿಯದೂ ಇದೇ ಕಥೆಯಲ್ಲವೇ ಅನ್ನಿಸಿ ಖುಷಿಯಾಯಿತು.

ಮಂಕಾಗಿದ್ದ ಪಟ್ಟಿಯನ್ನು ಮನೆಗೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮುಂದಿನ ವಾರ ಉಳಿಯಿಂದ ಮರವನ್ನು ಎಳೆಎಳೆಯಾಗಿ ಕೆತ್ತುತ್ತಾ, ಪಟ್ಟಿ ಇಟ್ಟು ನೋಡುತ್ತಾ, ಮತ್ತೆ ಕೆತ್ತುತ್ತಾ ಕೂತೆ. ಸ್ಕ್ರೂ ತಲೆಗಳನ್ನೂ ಒಳಗೆ ಮುಳುಗಿಸಿದೆ. ಕೊನೆಗೆ ಉಗುರು ಎಳೆದರೆ ಎಲ್ಲೂ ತಡೆಯಲಿಲ್ಲ.

ಮೇಷ್ಟ್ರು ಅದನ್ನು ಮೂಸಿ ನೋಡಿ, ಹಲಗೆಯ ಮೇಲೆ ಎಳೆದು, "ಇಂತೆ ಸೊ ದುಮ್ಟ್" ಎಂದು ಮುಂದಿನವರ ಹತ್ತಿರ ಹೋದರು.

ಅದರಲ್ಲಿ ನನಗೆ ಅರ್ಥವಾದದ್ದು 'ದುಮ್' ಒಂದೇ. ದಾಗಿಸ್‌ನಲ್ಲಿ ಮಕ್ಕಳು ಜಗಳವಾಡುವಾಗ ಒಬ್ಬರನ್ನೊಬ್ಬರು ಬೈಯುವ ಮಾತು ಅದು: ದಡ್ಡ. ಕೋಪ ನೆತ್ತಿಗೇರಿತು. ಉಳಿದವರು ಫೀಕಾ ಎನ್ನುವ ವಿರಾಮಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರೆ, ನಾನು ಇನ್ನು ಬರುವುದಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿ ಜಾಕೆಟ್ ಎಳೆದುಕೊಂಡು ಹೊರಟೆ.

ಮನೆಯಲ್ಲಿ ಮೇಷ್ಟ್ರ ಮಾತನ್ನು ಅಂದಂತೆಯೇ ಒಪ್ಪಿಸಿ, ಗಂಡನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅವರು ನಕ್ಕಿದ್ದು ನೋಡಿ ಇನ್ನಷ್ಟು ಉರಿಯಿತು.

"ಅಯ್ಯೋ ಮಾರಾಯ್ತಿ, 'ಅಷ್ಟೇನೂ ದಡ್ಡತನ ಅಲ್ಲ' ಅಂದಿದ್ದಾರೆ ಕಣೇ. ನಮ್ಮಪ್ಪ ನಿನ್ ಸಾರಿಗೆ 'ಪರವಾಗಿಲ್ಲ' ಅಂತ ಎರಡು ಸಲ ಬಡಿಸ್ಕೊಳಲ್ವಾ, ಹಂಗೆ. ನನ್ ಮ್ಯಾನೇಜರ್ ಇವತ್ತಿನವರೆಗೂ ನಂಗೆ ಅಷ್ಟೂ ಹೇಳಿಲ್ಲ."

ಕೈಗೆ ಬಂದ ತುತ್ತನ್ನು ನಾನೇ ತಟ್ಟಿ ಬೀಳಿಸಿದ್ದೆ. ಇಡೀ ವಾರ ಕ್ಷಮೆ ಕೇಳುವ ಸ್ವೀಡಿಷ್ ವಾಕ್ಯಗಳನ್ನು ಒಲೆಯ ಮುಂದೆ ಬಾಯಿಪಾಠ ಮಾಡಿದೆ.

ಮುಂದಿನ ತರಗತಿಗೆ ಹೋದಾಗ ನನ್ನ ಮೇಜಿನ ಮೇಲೆ ಸವೆದ ಸಾಧನಗಳ ಒಂದು ಪೆಟ್ಟಿಗೆ, ಪಕ್ಕದಲ್ಲಿ ಹಿತ್ತಾಳೆ ಪಟ್ಟಿಗಳ ಕಟ್ಟು. ಬಾಯಿಪಾಠವೆಲ್ಲ ಮರೆತೇಹೋಯಿತು. ಇವನ್ನೆಲ್ಲ ಯಾರು ಮಾಡಬೇಕೆಂದು ಕೇಳಿದೆ.

ಮೇಷ್ಟ್ರಿಗೆ ಆಶ್ಚರ್ಯ. "ನೀನೇ. ಹೋದ ವಾರವೇ ಹೇಳಿದೆನಲ್ಲ."