ಅಪ್ಪಯ್ಯನ ತಲೆಗೊಂದು ಡಬ್ಬ

ನಮ್ಮ ಅಪ್ಪಯ್ಯ ಬದುಕಿದ್ದಾಗ ಒಮ್ಮೆಯೂ ಕೋಟು ಹಾಕಿದವರಲ್ಲ. ಕಿರಿಮಂಜೇಶ್ವರದ ಕಡಲಲ್ಲಿ ದೋಣಿ ನಡೆಸುತ್ತಿದ್ದವರಿಗೆ ಕೋಟು ಯಾಕೆ ಬೇಕು? ಕೋಟು ಹಾಕಿದ್ದು ತೀರಿಕೊಂಡ ಮೇಲೆ. ಅವರದ್ದೆಂದು ನಮ್ಮಲ್ಲಿದ್ದ ಒಂದೇ ಒಂದು ಫೋಟೊ, ಮತದಾರರ ಚೀಟಿಯದ್ದು, ಹೆಬ್ಬೆರಳಿನಷ್ಟು. ಅದನ್ನು ದೊಡ್ಡದು ಮಾಡಿಕೊಡಿ ಎಂದು ಸ್ಟುಡಿಯೋಗೆ ಕೊಟ್ಟಿದ್ದೆ. ವಾಪಸು ಬಂದದ್ದು ಕಪ್ಪು ಕೋಟು, ಕೆಂಪು ಟೈ ಕಟ್ಟಿಕೊಂಡು, ಹಿಂದೆ ನೀಲಿ ಪರದೆ ಇಳಿಬಿಟ್ಟುಕೊಂಡು ಕೂತ ಯಾರೋ ಜಡ್ಜು. "ಎಲ್ರಿಗೂ ಹಾಂಗೇ ಮಾಡುದ್, ಕೋಟಿಗೆ ಬೇರೆ ಚಾರ್ಜ್ ಇಲ್ಲ" ಎಂದ ಸ್ಟುಡಿಯೋದವ. ಬಿಟ್ಟಿ ಸಿಕ್ಕಿದ್ದಕ್ಕೆ ಬಾಯಿ ಮುಚ್ಚಿಕೊಂಡು ತಂದು ಗೋಡೆಗೆ ಹಾಕಿದೆ.

ಅಮ್ಮ ಕುಂದಾಪುರದಲ್ಲಿ ನಮ್ಮ ಜೊತೆಗೇ ಇದ್ದಾಳೆ. ದಿನಾ ಬೆಳಿಗ್ಗೆ ಆ ಪಟಕ್ಕೆ ಹೂ ಇಡುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಒಂದು ದಿನ ಹೂ ಹಿಡಿದುಕೊಂಡೇ ನಿಂತುಬಿಟ್ಟಳು.

"ಮಗಾ, ಈ ಪಟ ಕಂಡ್ ಕಂಡ್ ನಂಗೆ ಅವ್ರ್ ಮುಖವೇ ಮರ್ತ್ ಹೋತಾ ಇತ್ತ್. ಕಣ್ಣ್ ಮುಚ್ಚಿರೂ ಈ ಕೋಟಿನವ್ರೇ ಬತ್ರ್."

ನನಗೆ ಅಂಗಡಿಗೆ ಹೋಗುವ ಮನಸ್ಸೇ ಹೋಯಿತು. ಪಟ ಮಾಡಿಸಿದವನು ನಾನು. ಗಂಡನನ್ನು ನೆನಪಿಟ್ಟುಕೊಳ್ಳಲಿ ಎಂದು ತಂದದ್ದೇ ಅವಳ ತಲೆಯೊಳಗಿದ್ದ ಗಂಡನನ್ನು ಒರೆಸಿ ಹಾಕುತ್ತಿತ್ತು. ಹಾಗಾದರೆ ನಾನೇ ಅವರ ಚಿತ್ರ ಬರೆದುಕೊಡುತ್ತೇನೆ ಎಂದೆ. ಇಷ್ಟು ಧೈರ್ಯ ಎಲ್ಲಿಂದ ಬಂತೆಂದರೆ, ನನ್ನದು ಕನ್ನಡಕದ ಅಂಗಡಿ. ಬೆಳಗಾದರೆ ಜನರ ಮುಖವನ್ನೇ ನೋಡುವ ಕಸುಬು. ಕಣ್ಣಿಗೂ ಕಣ್ಣಿಗೂ ಎಷ್ಟು ಅಂತರ, ಕನ್ನಡಕ ಕೂರುವ ಮೂಗಿನ ದಿಂಡು ಎಷ್ಟು ಅಗಲ, ಯಾರ ಕಿವಿ ಮೇಲೆ, ಯಾರದ್ದು ಕೆಳಗೆ, ಎಲ್ಲ ಗೊತ್ತು. ನನಗೆ ಬಾರದ್ದು ಪೆನ್ಸಿಲ್ ಹಿಡಿಯುವುದೊಂದೇ ಎಂದುಕೊಂಡಿದ್ದೆ.

ಬ್ರಹ್ಮಾವರದಲ್ಲಿ ಒಂದು ಬೇಕರಿಯ ಮಹಡಿಯಲ್ಲಿ ಭಾನುವಾರ ಚಿತ್ರ ಕಲಿಸುತ್ತಾರೆ. ಹೋಗಿ ನೋಡಿದರೆ ಅಲ್ಲಿದ್ದವರೆಲ್ಲ ಶಾಲೆಯ ಮಕ್ಕಳು. ಟೀಚರು ನನ್ನ ಮಗಳ ಪ್ರಾಯದವಳು. ನಾನು ಅಪ್ಪಯ್ಯನ ಕತೆ ಹೇಳಿ, ಮೂಗಿನಿಂದ ಶುರು ಮಾಡಲೇ ಎಂದು ಕೇಳಿದೆ.

"ಮೂಗ್ ಎಲ್ಲ ಆಮೇಲೆ ಅಂಕಲ್. ಮೊದ್ಲ್ ಡಬ್ಬ ಬರೀರಿ."

ಡಬ್ಬವೆಂದರೆ ಡಬ್ಬವೇ. ಆಕೆಯ ಪ್ರಕಾರ ಮನುಷ್ಯನ ತಲೆ ಒಂದು ಡಬ್ಬ. ಎದುರಿನ ಮಗ್ಗುಲಲ್ಲಿ ಕಣ್ಣು, ಮೂಗು, ಬಾಯಿ. ಬದಿಗಳಲ್ಲಿ ಕಿವಿ. ಮುಚ್ಚಳ ಇರುವಲ್ಲಿ ನೆತ್ತಿ. ಡಬ್ಬ ಯಾವ ಕಡೆಗೆ ತಿರುಗುತ್ತದೋ ಮುಖವೂ ಆ ಕಡೆಗೇ. ಡಬ್ಬ ಸರಿಯಾಗಿ ಕೂತರೆ ಮುಖ ಅದರ ಮೇಲೆ ತಾನಾಗಿ ಕೂರುತ್ತದೆ, ಡಬ್ಬವೇ ಸೊಟ್ಟಗಾದರೆ ರಾಜಕುಮಾರನ ಮುಖ ಬರೆದರೂ ಸೊಟ್ಟವೇ. ಕೇಳಲು ಸುಲಭ. ಬರೆಯಲು ಹೋದರೆ ನನ್ನ ಡಬ್ಬದ ಒಂದು ಮೂಲೆ ಯಾವಾಗಲೂ ಮಿಕ್ಕ ಮೂಲೆಗಳೊಂದಿಗೆ ಮಾತು ಬಿಟ್ಟುಕೊಂಡು ಬೇರೆ ದಿಕ್ಕಿಗೆ ಹೋಗುತ್ತಿತ್ತು. "ಟೀಚರ್, ಅಂಕಲಿನ ಡಬ್ಬ ಕುಂಟ್ತಾ ಇತ್ತ್!" ಎಂದು ಪಕ್ಕದ ಹುಡುಗಿ ಕೂಗಿ ಹೇಳುತ್ತಿದ್ದಳು. ಅವಳ ಡಬ್ಬಗಳು ನೆಟ್ಟಗಿದ್ದವು, ಅದು ಬೇರೆ ಹೊಟ್ಟೆಕಿಚ್ಚು.

ಡಬ್ಬದ ಹುಚ್ಚು ಹಿಡಿದ ಮೇಲೆ ಎಲ್ಲಿ ನೋಡಿದರೂ ಅದೇ. ಕುಂಭಾಶಿಯಲ್ಲಿ ಬಸ್ಸು ಆನೆಗುಡ್ಡೆ ಗಣಪತಿ ದೇವಸ್ಥಾನದ ಮಹಾದ್ವಾರ ದಾಟುವಾಗ ಒಳಗಿದ್ದವರೆಲ್ಲ ಒಟ್ಟಿಗೇ ತಲೆ ಬಾಗಿಸುತ್ತಾರಲ್ಲ, ನನಗೆ ಅಷ್ಟೂ ಡಬ್ಬಗಳು ಒಮ್ಮೆಗೇ ಮುಂದಕ್ಕೆ ವಾಲಿದ ಹಾಗೆ ಕಾಣುತ್ತಿತ್ತು. ಕೈ ಮುಗಿಯುವುದು ಬಿಟ್ಟು ಹಿಂದಿನಿಂದ ಅದನ್ನೇ ನೋಡುತ್ತಿದ್ದೆ. ಗಣಪತಿ ಕ್ಷಮಿಸಿರಬೇಕು, ಅವನ ತಲೆಯನ್ನು ಯಾವ ಡಬ್ಬದಲ್ಲಿ ಕೂರಿಸುವುದೆಂದೂ ಒಮ್ಮೆ ಯೋಚಿಸಿದ್ದೆ. ಅಂಗಡಿಯಲ್ಲಿ ಒಬ್ಬ ಗಿರಾಕಿಯ ಗದ್ದ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸುತ್ತ ಮೈಮರೆತಿದ್ದೆ. "ಹ್ವಾಯ್, ಇದ್ ಎಂತ, ಕನ್ನಡಕವಾ, ಕ್ಷೌರವಾ?" ಎಂದು ಅವನು ಎದ್ದೇಬಿಟ್ಟ.

ಮನೆಯಲ್ಲಿ ಅಭ್ಯಾಸಕ್ಕೆಂದು ಒಂದು ಚಪ್ಪಲಿ ಡಬ್ಬ ತೆಗೆದು, ಅದರ ಮೇಲೆ ಕಣ್ಣು ಮೂಗು ಬರೆದು, ಮೇಜಿನ ಮೇಲೆ ನಿಲ್ಲಿಸಿದ್ದೆ. ಅಮ್ಮ ಅದರ ಸುತ್ತ ಒಂದು ಸುತ್ತು ಬಂದಳು.

"ಇದ್ ಯಾರ್?"

"ಅಪ್ಪಯ್ಯ. ಅಂದ್ರೆ, ಸದ್ಯಕ್ಕೆ."

"ಅವ್ರ್ ಮಂಡೆಗೆ ನಿಂಗ್ ಚಪ್ಪಲಿ ಡಬ್ಬವೇ ಬೇಕಿತ್ತಾ? ಮರ್ಯಾದಿ ಇತ್ತಾ ನಿಂಗೆ?"

ತಪ್ಪು ನನ್ನದೇ. ಮರುದಿನ ಒಂದು ಮಿಠಾಯಿ ಡಬ್ಬ ತಂದು ನಿಲ್ಲಿಸಿದೆ. "ಮಾವಯ್ಯಂಗೆ ಪ್ರಮೋಷನ್ ಸಿಕ್ತ್" ಎಂದು ನನ್ನ ಹೆಂಡತಿ ಒಳಗಿನಿಂದಲೇ ಹೇಳಿದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಡಬ್ಬ ನನ್ನ ಮಾತು ಕೇಳತೊಡಗಿತು. ಮೊದಲು ಫೋಟೊ ನೋಡಿಕೊಂಡು, ಕೋಟು ಬಿಚ್ಚಿ, ನೇರ ಮುಖ ಬರೆದೆ. ಅಮ್ಮ ನೋಡಿ, "ಬ್ಯಾಂಕಿನವ್ರಾ?" ಎಂದಳು. ಆಮೇಲೆ ಫೋಟೊ ಮುಚ್ಚಿಟ್ಟು, ನನ್ನ ನೆನಪಿನಿಂದಲೇ ಬರೆದೆ. ಸಣ್ಣವನಿದ್ದಾಗಿನಿಂದ ಊಟಕ್ಕೆ ನಾನು ಕೂರುತ್ತಿದ್ದದ್ದು ಅಪ್ಪಯ್ಯನ ಎಡಗಡೆ. ಅವರ ಎಡ ಕಿವಿ, ಮೀನಿನ ಮುಳ್ಳು ಬಿಡಿಸುವಾಗ ಅಲ್ಲಾಡುತ್ತಿದ್ದ ದವಡೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಡಬ್ಬವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ ಬರೆದೆ. ಬರೆದು ಮುಗಿಸಿದಾಗ ನನ್ನ ಕಣ್ಣಲ್ಲಿ ನೀರು ಬಂತು, ಅಷ್ಟು ಅವರೇ. ಓಡಿ ಹೋಗಿ ತೋರಿಸಿದೆ.

ಅಮ್ಮ ಕಾಗದವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಚಂದ ಆಯ್ತ್ ಮಗಾ. ಇದ್ ನೀ ಕಂಡ ಅಪ್ಪಯ್ಯ. ನಾ ಕಂಡದ್ದ್ ಹೀಂಗಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಹೇಗೆ ಎಂದು ಕೇಳಿದರೆ ಅದೂ ಅವಳಿಗೆ ಗೊತ್ತಿಲ್ಲ. ಮರುಭಾನುವಾರ ಬ್ರಹ್ಮಾವರಕ್ಕೆ ಹೋಗಿ, ಅಮ್ಮನ ಮಾತು ತಿಳಿಸಿ, ಡಬ್ಬದ ಸಹವಾಸ ಸಾಕು ಎಂದು ಟೀಚರಿಗೆ ಹೇಳಿದೆ. ಆಕೆ ನನ್ನ ಎರಡೂ ಚಿತ್ರ ನೋಡಿದಳು.

"ಡಬ್ಬ ಸರಿ ಇತ್ತ್ ಅಂಕಲ್. ಆದ್ರೆ ಅಜ್ಜಿ ಕಣ್ಣ್ ಎಲ್ಲಿತ್ತ್? ಕಾಂಬವ್ರ್ ಕಣ್ಣ್ ಎಲ್ಲಿತ್ತ್ ಅಂತ ಗೊತ್ತಿಲ್ದೆ ಡಬ್ಬ ಇಡುದ್ ಹ್ಯಾಂಗೆ?"

ಪಾಠ ಮಾಡುವವರು ಹೀಗೆ ಏನಾದರೊಂದು ಹೇಳುತ್ತಾರೆ ಎಂದುಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ನಮ್ಮಲ್ಲಿ ಊಟದ ಮೇಜಿದೆ, ಆದರೆ ಭಾನುವಾರ ಅಮ್ಮನದ್ದೇ ಕಾನೂನು, ಮಣೆ ಹಾಕಿಯೇ ಊಟ. ನಾನು ಮುಖ ಊದಿಸಿಕೊಂಡು ಬಂಗುಡೆ ಸಾರಿಗೆ ಅನ್ನ ಕಲಸುತ್ತಿದ್ದೆ. ಅಮ್ಮ ತಪ್ಪಲೆ ಹಿಡಿದು ಎದುರಿಗೆ ನಿಂತಿದ್ದಳು.

"ನಿನ್ ಮಂಡೆ ಬೋಳ್ ಆತಾ ಇತ್ತಲಾ. ಸುಳಿಯೂ ಬಲಬದಿಗೆ. ಅಚ್ಚು ಅಪ್ಪಯ್ಯಂದೇ."

ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. ಅಪ್ಪಯ್ಯನ ಸುಳಿ ಬಲಬದಿಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲೇ ಕೂತು ಉಂಡವನಿಗೆ ಸುಳಿ ಕಾಣುವುದಾದರೂ ಹೇಗೆ?

"ಅಮ್ಮ, ಅಪ್ಪಯ್ಯ ಊಟಕ್ಕೆ ಕೂತ್ರೆ ನೀ ಎಲ್ಲಿ ನಿಂತಿರ್ತಿದ್ದೆ?"

"ಎಲ್ಲಿ ಅಂದ್ರೆ? ಹೀಂಗೇ, ಎದ್ರಿಗೆ. ಅವ್ರ್ ತಲೆ ಎತ್ತಿ ಉಂಡದ್ದ್ ನಾ ಕಾಣ್ಲಿಲ್ಲ. ಹಗಲೆಲ್ಲ ಕಡಲಲ್ಲೇ. ನಂಗೆ ಪುರ್ಸೊತ್ತಲ್ಲಿ ಕಾಂಬುಕೆ ಸಿಕ್ತಿದ್ದದ್ದೇ ಉಂಬತಿಗೆ."

ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಅಮ್ಮ ಬೈಯುತ್ತಿದ್ದರೂ ಕೇಳದೆ, ಮಿಠಾಯಿ ಡಬ್ಬವನ್ನು ತಂದು ನನ್ನ ಮಣೆಯ ಮೇಲೆ, ಒಂದು ಕೊಡಪಾನದ ಬಾಯಿಗೆ ಕೂರಿಸಿದೆ. ನಾನು ಅವಳ ಪಕ್ಕ ನಿಂತೆ. "ಇಷ್ಟಾ?" ಎಂದು ಡಬ್ಬ ಬಗ್ಗಿಸಿದೆ. "ಇನ್ನೂ ಬಗ್ಸ್" ಎಂದಳು. ಬಗ್ಗಿಸಿದ ಹಾಗೆಲ್ಲ ಮುಖದ ಮಗ್ಗುಲು ಕಿರಿದಾಯಿತು, ಮುಚ್ಚಳ ಅಗಲವಾಯಿತು. ಟೀಚರು ಹೇಳಿದ್ದೆಲ್ಲ ಒಂದೊಂದಾಗಿ ಎದುರಿಗೆ ಬಂತು. ಮೇಲಿನಿಂದ ನೋಡಿದರೆ ಕಣ್ಣಿನ ಗೆರೆ ಕೆಳಕ್ಕೆ ಬಾಗುತ್ತದೆ, ಮೂಗಿನ ತುದಿ ಬಾಯಿಯನ್ನು ಮುಚ್ಚುತ್ತದೆ, ಕಿವಿಗಳು ಮೇಲಕ್ಕೆ ಹೋಗುತ್ತವೆ.

ಅಮ್ಮ ಹಿಂದೆ ನಿಂತು ಹೇಳುತ್ತ ಹೋದಳು, ನಾನು ಬರೆದೆ. ಸುಳಿಯ ಪಕ್ಕದಲ್ಲಿ ಕೂದಲು ಹುಟ್ಟದ ಒಂದು ಗೆರೆ, ದೋಣಿಯ ಮರ ಬಡಿದದ್ದಂತೆ. ಅದೂ ನನಗೆ ಗೊತ್ತಿರಲಿಲ್ಲ. ಕೊನೆಗೆ ಕಾಗದದಲ್ಲಿ ಉಳಿದದ್ದು ಮುಕ್ಕಾಲು ಪಾಲು ಬೋಳು ನೆತ್ತಿ, ಎರಡು ಹುಬ್ಬು, ಒಂದು ಮೂಗಿನ ತುದಿ. ಇದನ್ನು ಯಾರಿಗೆ ತೋರಿಸಿದರೂ ನಗುತ್ತಾರೆ. ಅಮ್ಮನೂ ನಕ್ಕಳು. ನಗುತ್ತ ನಗುತ್ತ ಸೆರಗು ಮುಖಕ್ಕೆ ಹಿಡಿದಳು.

"ಇವ್ರೇ. ಇವ್ರೇ ಮಗಾ."

ಕಟ್ಟು ಹಾಕಿಸಿ, ಕೋಟಿನವರನ್ನು ಇಳಿಸಿ, ಆ ಜಾಗದಲ್ಲಿ ಇದನ್ನು ತೂಗುಹಾಕಲು ಹೊರಟೆ. ಅಮ್ಮ ತಡೆದಳು. ಮೇಲೆ ಬೇಡವಂತೆ, ಗೋಡೆಯ ಬುಡದಲ್ಲಿ, ಮಣೆ ಇಡುವಲ್ಲಿ ಒರಗಿಸಬೇಕಂತೆ. ನಿಂತು ಕೆಳಗೆ ನೋಡಿದರಲ್ಲವೇ ಅವರು ಕಾಣುವುದು. ಒರಗಿಸಿ ಕೊಟ್ಟೆ. ಬಹಳ ಹೊತ್ತು ನಿಂತು ನೋಡಿದಳು.

ಅಪ್ಪಯ್ಯ ಊಟದಲ್ಲಿ ಮಾತಾಡುತ್ತಿರಲಿಲ್ಲ. ಸಾಕಾದರೆ ತಲೆಯೆತ್ತದೆಯೇ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಅದು ನೆನಪಾಗಿ, ತಲೆ ಕಲಿತಾಯಿತು, ಇನ್ನು ಕೈ ಕಲಿತು ಅದನ್ನೂ ಇದರಲ್ಲೇ ಸೇರಿಸುತ್ತೇನೆ ಎಂದೆ.

"ಕೈ ಬರಿಬ್ಯಾಡ" ಎಂದಳು ಅಮ್ಮ. "ಕೈ ಅಡ್ಡ ಹಿಡಿದ್ರೆ ಊಟ ಮುಗೀತ್. ಎದ್ದ್ ಹೋತ್ರ್."