ವೈನಿ ನುಂಗಿದ ಎರಡು ಗುಳಿಗೆ

ನನ್ನ ಅಣ್ಣ ಏಕನಾಥನ ಹೆಂಡತಿ ಅಂಬಾ ವೈನಿ ಪುಣೆಯ ಧನಕವಡಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ದಿನಕ್ಕೆ ನೂರರ ಮೇಲೆ. ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರೆಲ್ಲ ಅವರ ಕೈರುಚಿಗೆ ಮರುಳು, ಎಲ್ಲರಿಗಿಂತ ಹೆಚ್ಚು ನಾನು. ನೆಲದ ಮೇಲೆ ಕೂತು ಕೂತು ಅವರ ಮೊಣಕಾಲು ಹಿಡಿದುಕೊಂಡಾಗ ನನಗೇ ನೋಡಲಾಗಲಿಲ್ಲ. ನನ್ನ ಸೊಂಟನೋವಿಗೆ ಬರೆದುಕೊಟ್ಟಿದ್ದ ಗುಳಿಗೆಯನ್ನು ವಾರ ವಾರ ಒಯ್ದು ಕೊಟ್ಟೆ. ನಮ್ಮ ಮಂದಿಯ ಚಾಳಿಯೇ ಇದು, ಉಪ್ಪಿನಕಾಯಿ ಹಂಚಿದ ಹಾಗೆ ಗುಳಿಗೆ ಹಂಚುತ್ತೇವೆ. "ಮುಂಜಾನಿಗೊಂದು, ಸಂಜಿಗೊಂದು. ತಪ್ಪಿಸಬ್ಯಾಡ್ರಿ," ಎಂದು ಜೋರು ಬೇರೆ ಮಾಡಿದ್ದೆ. ವೈನಿ ಮರುಮಾತಾಡದೆ ನುಂಗಿದರು.

ಎರಡು ತಿಂಗಳಲ್ಲಿ ಅವರ ಕಾಲು ಬಾತವು. ರಕ್ತ ತಪಾಸಣೆ ಮಾಡಿಸಿದರೆ ಕಿಡ್ನಿ ಸೋಲುತ್ತಿದೆ ಎಂದು ಬಂತು. ಆಸ್ಪತ್ರೆಗೆ ನಾನೇ ಕರೆದೊಯ್ದೆ. ನೋವಿನ ಗುಳಿಗೆಯ ಜೊತೆ ಬೇರೆ ಏನು ತೆಗೆದುಕೊಳ್ಳುತ್ತೀರಿ ಎಂದು ಡಾಕ್ಟರ್ ಮರಾಠಿಯಲ್ಲಿ ಕೇಳಿದರು. ವೈನಿ ನನ್ನ ಮುಖ ನೋಡಿದರು.

"ಮಂಜರಿ, ನೀ ಸ್ವಲ್ಪ ಹೊರಗ ಕೂಡ್ತೀ?"

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಒಡನಾಡಿದವಳ ಎದುರು ಹೇಳಲಾಗದ್ದು ಏನಿದೆ ಇವರಿಗೆ? ಧಡಕ್ಕನೆ ಎದ್ದು ಹೊರಗಿನ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತೆ.

ಅರ್ಧ ತಾಸಿಗೆ ವೈನಿಯೂ ಬಂದು ಪಕ್ಕದಲ್ಲಿ ಕೂತರು. "ನನಗ ಲಿವರ್ ಬ್ಯಾನಿ ಅದ, ಹೆಪಟೈಟಿಸ್ ಬಿ. ಹನ್ನೊಂದು ವರ್ಷದಿಂದ ದಿನಾ ಟೆನೊಫೊವಿರ್ ಗುಳಿಗಿ ನಡದದ. ನಿಮ್ಮಣ್ಣನ ಬಿಟ್ಟು ಯಾರಿಗೂ ಗೊತ್ತಿಲ್ಲ. ಅದರ ಜೋಡಿ ನೋವಿನ ಗುಳಿಗಿ ಹಿಂಗ ದಿನಾ ನುಂಗಿದ್ರ ಕಿಡ್ನಿಗೆ ಪೆಟ್ಟಂತ. ನೋವಿಂದು ಇವತ್ತೇ ಬಂದ್. ಲಿವರ್‌ಂದು ಬದಲಿ ಮಾಡಿ ಕೊಟ್ಟಾರ, ಅದನ್ನ ಮಾತ್ರ ಬಿಡಂಗಿಲ್ಲ. ಹೊತ್ತಿಗೆ ಬಂದೀರಿ, ಸುಧಾರಿಸಬಹುದು ಅಂದ್ರು."

"ಕೊಟ್ಟಾಕಿ ನಾನು. ಬ್ಯಾಡ ಅನ್ನಬಾರದೇನ್ರಿ ವೈನಿ?"

"ಕೇಳದ ಬ್ಯಾರೆ ಗುಳಿಗಿ ತಗೋಬ್ಯಾಡ ಅಂತ ಡಾಕ್ಟರು ಅಂದಿದ್ರು ಖರೆ, ಆದ್ರ ನೀ ಯಾಕ ಬ್ಯಾಡ ಅಂತ ಕೇಳ್ತಿದ್ದಿ. ಈ ಬ್ಯಾನಿ ಊಟದಿಂದ ಹರಡಂಗಿಲ್ಲ ಅಂತ ಅವರು ಸಾವಿರ ಸಲ ಹೇಳ್ಯಾರ. ಮಂದಿ ಕೇಳ್ತಾರೇನು?" ಅವರ ದನಿ ಸಣ್ಣದಾಯಿತು. "ಮಂದಿ ಹಾಳಾಗಲಿ. ನೀ ನನ್ನ ರೊಟ್ಟಿ ಬಿಟ್ರ ನಾ ತಡಕೊಳ್ಳಂಗಿಲ್ಲ."

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅವರ ಚೀಲದಿಂದ ಬುತ್ತಿ ತೆಗೆದು, ರೊಟ್ಟಿ ಮುರಿದು, ಅರ್ಧ ಅವರ ಕೈಗಿಟ್ಟು ಉಳಿದರ್ಧ ತಿಂದೆ. ವೈನಿ ತಿನ್ನಲಿಲ್ಲ. ಯಾರೆದುರೂ ಅತ್ತವರಲ್ಲ, ಸೆರಗು ಬಾಯಿಗಿಟ್ಟುಕೊಂಡು ಅತ್ತರು.

"ಇನ್ನೊಂದು ಕೊಡ್ರಿ," ಎಂದೆ.