ಸಗರದ ತರುಣನ ವಿಲಾಯತಿ ಸೈಕಲ್ಲು

ನಿಜಾಮನ ಆಳ್ವಿಕೆ ಮುಗಿದ ಹೊಸತರಲ್ಲಿ ಶಹಾಪುರದಿಂದ ಸುರಪುರಕ್ಕೆ ಸೈಕಲ್ ಪಂದ್ಯ ನಡೆಯುತ್ತಿತ್ತು. ಪ್ರತಿ ಸಲವೂ ಗೆಲ್ಲುತ್ತಿದ್ದವನು ಕಂಬಳಿ ಮಾರುವ, ಹತ್ತಿರದ ಸಗರ ಊರಿನ ತರುಣ. ಚಹಾದಂಗಡಿಯಲ್ಲಿ ಅವನ ಬಗ್ಗೆಯೇ ವಾದ.

“ಅವನ ಕಾಲಾಗ ದಮ್ ಐತಿ,” ಎಂದರು ಟಾಂಗಾ ಹೊಡೆಯುವ ಚಾಚಾ.

“ಎಲ್ಲಾ ಅವನ ವಿಲಾಯತಿ ಸೈಕಲ್ಲಿನ ಕರಾಮತ್ತು ಚಾಚಾ!” ಎಂದೆ ನಾನು.

ಚೌಕಾಸಿಯಲ್ಲಿ ನಾನು ಗಟ್ಟಿಗ. ಒಂದು ಆಡಿನ ಮರಿಯನ್ನೂ ನನ್ನ ಹಳೆಯ ಸೈಕಲ್ಲನ್ನೂ ಕೊಟ್ಟು ಅವನದನ್ನು ಪಡೆದು, ಮುಂದಿನ ಪಂದ್ಯಕ್ಕೆ ಇಳಿದೆ. ಸುರಪುರದ ಏರಿನಲ್ಲಿ ಅವನು ನನ್ನ ಹಳೆಯ ಸೈಕಲ್ಲಿನ ಮೇಲೆಯೇ ನನ್ನನ್ನು ದಾಟಿದ.

“ಅಣ್ಣಾ, ಸೀಟ್ ಸ್ವಲ್ಪ ಎತ್ತರ ಮಾಡ್ಕೋರಿ, ಮೊಣಕಾಲು ನೋಯಂಗಿಲ್ಲ!”

ಪ್ರತಿ ಸಂತೆಗೂ ಸೈಕಲ್ಲಿಗೆ ಕಂಬಳಿಯ ಹೊರೆ ಕಟ್ಟಿಕೊಂಡು ಅವನು ಅದೇ ಏರು ಹತ್ತುತ್ತಿದ್ದನಂತೆ. ನೀವಾದರೂ ಸೈಕಲ್ ಕೊಳ್ಳುವ ಮೊದಲು ಅದರ ಮಾಲೀಕನ ಕಸುಬು ಕೇಳಿ. ಊರಿಗೆಲ್ಲ ಬುದ್ಧಿ ಹೇಳುವ ನಾನು ಸೈಕಲ್ ತಳ್ಳಿಕೊಂಡು ಮೇಲೇರಿ, ಸೀಟು ಎಷ್ಟು ಎತ್ತರವಿರಬೇಕೆಂದು ಗೆದ್ದವನನ್ನೇ ಕೇಳಿದೆ.